ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು: ಕೊಳ್ಳುವ ದುಡ್ಡು ಬೇರೆ, ಸಾಕುವ ದುಡ್ಡು ಬೇರೆ

ಎರಡೇ ಸೀಟಿನ ಕಾರು ತಗೋತೀನಿ ಅಂದರೆ ಮೈಸೂರಿನ ಯಾವ ಮನೆಯಲ್ಲೂ ಮೊದಲು ಬರುವ ಪ್ರಶ್ನೆ ಒಂದೇ: "ಮಿಕ್ಕವರು ಎಲ್ಲಿ ಕೂರೋದು?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಇರುವವರಿಗೆ, ಅಂದರೆ ಮನೆಯಲ್ಲಿ ಈಗಾಗಲೇ ಒಂದು ಕಾರು ಇದ್ದು, ಭಾನುವಾರ ಬೆಳಿಗ್ಗೆ ಖುಷಿಗೆ ಓಡಿಸಲು ಇನ್ನೊಂದು ಬೇಕು ಅನ್ನುವವರಿಗೆ ಈ ಬರಹ. ಹೊಸದಂತೂ ಕೈಗೆ ಎಟುಕುವುದಿಲ್ಲ. ಆದರೆ ಹಳೇ ಕಾರಿನ ಜಾಹೀರಾತುಗಳಲ್ಲಿ ಹತ್ತು ಹನ್ನೆರಡು ವರ್ಷ ದಾಟಿದ ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಪೋರ್ಷೆ ಬಾಕ್ಸ್‌ಸ್ಟರ್‌ಗಳು ಹೊಸ ಎಸ್‌ಯುವಿ ದುಡ್ಡಿಗೆ ಕಾಣಿಸಿದಾಗ ಆಸೆ ಹುಟ್ಟುತ್ತದೆ, ಅಲ್ವಾ?

ಆಸೆ ತಪ್ಪಲ್ಲ. ಆದರೆ ಒಂದು ಲೆಕ್ಕ ಮೊದಲೇ ತಲೆಗೆ ಹೋಗಬೇಕು. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ. ಹೊಸದರಲ್ಲಿ 60 ಲಕ್ಷ ಇದ್ದ ಕಾರು ಇವತ್ತು 18 ಲಕ್ಷಕ್ಕೆ ಬಂದಿದೆ ಎಂದುಕೊಳ್ಳಿ. ಅದರ ಬ್ರೇಕ್ ಡಿಸ್ಕು, ಹೆಡ್‌ಲೈಟು, ಸಸ್ಪೆನ್ಷನ್ ತೋಳು ಎಲ್ಲವೂ ಇನ್ನೂ 60 ಲಕ್ಷದ ಕಾರಿನವೇ. ಮೆಕ್ಯಾನಿಕ್ ಕೂಲಿಯೂ ಹಾಗೇ. ಆದ್ದರಿಂದ "ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರು" ಅನ್ನುವುದನ್ನು ಮಾರುವವನು ಹೇಳಿದ ರೇಟಿನಿಂದ ಅಳೆಯಬಾರದು. ಆ ರೇಟು, ಅದರ ಮೇಲೆ ಟ್ಯಾಕ್ಸು, ಅದರ ಮೇಲೆ ಮೊದಲ ವರ್ಷ ಕಾರನ್ನು ಸರಿ ಮಾಡಿಸುವ ಖರ್ಚು, ಈ ಮೂರೂ ಸೇರಿದ ಮೊತ್ತವೇ ನಿಜವಾದ ಬೆಲೆ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಕೊಟ್ಟುಬಿಟ್ಟವರು ಆರು ತಿಂಗಳಲ್ಲಿ ಅದನ್ನು ಹೊದಿಕೆ ಹೊದಿಸಿ ನಿಲ್ಲಿಸುತ್ತಾರೆ. ಆಮೇಲೆ ಅದೇ ಕಾರು ಇನ್ನೂ ಕಡಿಮೆ ರೇಟಿಗೆ, ಇನ್ನೂ ಜಾಸ್ತಿ ರೋಗದೊಂದಿಗೆ ಮತ್ತೊಬ್ಬರ ಮುಂದೆ ಬರುತ್ತದೆ.

ಇಂಥ ಕಾರಿನಲ್ಲಿ ಅಂಥದ್ದೇನಿದೆ ಅಂತ ಕೇಳಿದರೆ, ಶಕ್ತಿ ಅಲ್ಲ, ಹಗುರ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೇ ಉದಾಹರಣೆ. ಮುಂದೆ 1.6 ಲೀಟರಿನ ಸಾಧಾರಣ ಇಂಜಿನ್, ಹಿಂದಿನ ಚಕ್ರಕ್ಕೆ ಎಳೆತ, ಬಟ್ಟೆಯ ಟಾಪು, ಒಟ್ಟು ತೂಕ ಸುಮಾರು ಒಂದು ಟನ್. ಇಷ್ಟರಿಂದಲೇ ಅದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರಾಯಿತು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಗಿ ಹೊರಬಂತು. ತೂಕ ಕಡಿಮೆ ಇದ್ದರೆ ತಿರುವಿನಲ್ಲಿ ಕಾರು ಹೇಳಿದ ಹಾಗೆ ಕೇಳುತ್ತದೆ, ಬ್ರೇಕು ಬೇಗ ಹಿಡಿಯುತ್ತದೆ, ಟೈರು ಬೇಗ ಸವೆಯುವುದಿಲ್ಲ. 60ರ ವೇಗದಲ್ಲೇ ಖುಷಿ ಸಿಗುತ್ತದೆ. ನಮ್ಮ ರಸ್ತೆಗೆ ಇದಕ್ಕಿಂತ ಬೇಕಾದ ಗುಣ ಬೇರೆ ಇಲ್ಲ.

ಬೇಸರದ ವಿಷಯ, ಆ ಕಾರು ನಮಗೆ ಸಿಗುವುದಿಲ್ಲ. ಸ್ವರಾಜ್ ಮಾಜ್ದಾ ಬಸ್ಸು ನಮಗೆಲ್ಲ ಗೊತ್ತು, ಆದರೆ ಮಾಜ್ದಾ ಕಾರುಗಳನ್ನು ಕಂಪನಿ ಇಲ್ಲಿ ಮಾರಲಿಲ್ಲ. ಹಳೆಯದನ್ನು ಹೊರದೇಶದಿಂದ ತರಿಸೋಣ ಅಂದರೆ ಅದಕ್ಕೂ ದಾರಿ ಕಿರಿದು. ಬಳಸಿದ ಕಾರು ಆಮದಾಗಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ಸುಂಕವಂತೂ ಕಾರಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಯಾರಾದರೂ "ಫಾರಿನ್ನಿಂದ ಬಂದ ಹಳೇ ಮಿಯಾಟಾ ಇದೆ, ಪೇಪರ್ ಆಮೇಲೆ ಮಾಡಿಸಿಕೊಳ್ಳೋಣ" (ಮಿಯಾಟಾ ಅಂದರೆ ಇದೇ ಎಂಎಕ್ಸ್-5) ಅಂದರೆ ಅಲ್ಲಿಗೇ ಕೈ ಮುಗಿದು ಬನ್ನಿ. ಕಸ್ಟಮ್ಸ್ ಕಾಗದ ಇಲ್ಲದ ಕಾರನ್ನು ನಾಳೆ ಜಪ್ತಿ ಮಾಡಿದರೆ ಕೇಳುವವರು ಯಾರೂ ಇರುವುದಿಲ್ಲ.

ಹಾಗಾದರೆ ಇಲ್ಲಿ ಏನು ಸಿಗುತ್ತದೆ? ನಮ್ಮಲ್ಲೇ ತಯಾರಾದದ್ದು ಅಂದರೆ ಗೋವಾದ ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಬಂತು. ಫೈಬರ್‌ಗ್ಲಾಸ್ ಬಾಡಿ, ರೆನೊ ಕಂಪನಿಯ 1149 ಸಿಸಿ ಇಂಜಿನ್, 60ರ ಆಸುಪಾಸಿನ ಅಶ್ವಶಕ್ತಿ, ಎಳೆತ ಮುಂದಿನ ಚಕ್ರಕ್ಕೆ. ವೇಗದ ಕಾರಲ್ಲ, ಆದರೆ ಹಗುರ, ಸರಳ. ನಿಜವಾಗಿಯೂ ಕೈಗೆಟುಕುವ ಎರಡು ಸೀಟಿನ ಕಾರು ಅಂದರೆ ನಮ್ಮ ದೇಶದಲ್ಲಿ ಇದೊಂದೇ ಅನ್ನಬಹುದು. ಫೈಬರ್ ಬಾಡಿ ತುಕ್ಕು ಹಿಡಿಯುವುದಿಲ್ಲ, ಬಿರುಕು ಬಿಟ್ಟರೆ ಫೈಬರ್ ಕೆಲಸ ಮಾಡುವ ಯಾರಾದರೂ ಕೂಡಿಸಿಕೊಡುತ್ತಾರೆ. ಒಳಗಿನ ಉಕ್ಕಿನ ಚೌಕಟ್ಟು ಮಾತ್ರ ತುಕ್ಕು ಹಿಡಿಯುತ್ತದೆ, ನೋಡಬೇಕಾದ್ದು ಅಲ್ಲಿ. ಮಾರಾಟವಾದದ್ದೇ ಕೆಲವು, ಹುಡುಕಲು ತಾಳ್ಮೆ ಬೇಕು. ಡಿಸಿ ಅವಂತಿ ಇನ್ನೊಂದು. 2 ಲೀಟರಿನ ರೆನೊ ಟರ್ಬೊ ಇಂಜಿನ್ ಸೀಟಿನ ಹಿಂದೆ ಇರುವ ಕಾರು. ನೋಟ ಭರ್ಜರಿ, ಆದರೆ ಅದರ ಬಾಡಿಯ ಒಂದು ತುಂಡು ಮುರಿದರೆ ಎಲ್ಲಿಂದ ತರುತ್ತೀರಿ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಮುಂದುವರಿಯಿರಿ.

ಉಳಿದವು ಮೂರು ಜರ್ಮನ್ ಕಾರುಗಳು. ಒಂದೊಂದಕ್ಕೂ ಅದರದೇ ರೋಗ ಇದೆ, ಅದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಬಾಕ್ಸ್‌ಸ್ಟರ್ ಬಗ್ಗೆ ಎಲ್ಲರೂ ಹೆದರಿಸುವುದು ಐಎಂಎಸ್ ಬೇರಿಂಗ್ ಹೆಸರಿನಲ್ಲಿ. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಶಾಫ್ಟ್) ತಿರುಗುವುದನ್ನು ವಾಲ್ವು ತೆರೆಯುವ ಕ್ಯಾಮ್‌ಗಳಿಗೆ ದಾಟಿಸಲು ಇಂಜಿನ್ ನಡುವೆ ಒಂದು ಶಾಫ್ಟ್ ಇದೆ. ಅದರ ಒಂದು ತುದಿ ನಿಂತಿರುವುದು ಈ ಬೇರಿಂಗ್ ಮೇಲೆ. ಅದು ಪುಡಿಯಾದರೆ ಲೋಹದ ಚೂರು ಆಯಿಲಿನ ಜೊತೆ ಇಂಜಿನ್ ತುಂಬಾ ಓಡಾಡುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಇಂಜಿನ್ ಮುಗಿದ ಹಾಗೆ. 1996ರಿಂದ 2008ರವರೆಗಿನ ಇಂಜಿನ್‌ಗಳಲ್ಲಿ ಇದು ಇದೆ, 2000ದಿಂದ 2005ರ ನಡುವಿನವುಗಳಲ್ಲಿ ಅಪಾಯ ಜಾಸ್ತಿ. 2009ರಿಂದ ಹೊಸ ವಿನ್ಯಾಸದ ಇಂಜಿನ್ ಬಂತು, ಅದರಲ್ಲಿ ಆ ಶಾಫ್ಟೇ ಇಲ್ಲ. 2005ರವರೆಗಿನ ಹಳೆಯದನ್ನೇ ನೋಡುತ್ತಿದ್ದರೆ ಬೇರಿಂಗ್ ಬದಲಾಗಿದೆಯೇ ಅಂತ ಬಿಲ್ ಸಮೇತ ಕೇಳಿ. ಸಾಮಾನ್ಯವಾಗಿ ಕ್ಲಚ್ ಬದಲಿಸುವಾಗಲೇ ಇದನ್ನೂ ಮಾಡಿಸುತ್ತಾರೆ, ಯಾಕೆಂದರೆ ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು. ಬಿಲ್ ಇಲ್ಲದಿದ್ದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಅದರ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಮಿನುಗುವ ಚೂರು ಕಂಡರೆ ವಾಪಸ್ ಬನ್ನಿ.

ಎಸ್‌ಎಲ್‌ಕೆ 350ರಲ್ಲಿ 2004ರಿಂದ ಸುಮಾರು 2007ರವರೆಗಿನ ವಿ6 ಇಂಜಿನ್ನಿನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಗೇರು ಮೆತ್ತನೆಯ ಲೋಹದ್ದು, ಹಲ್ಲು ಸವೆಯುತ್ತದೆ. ಬದಲಿಸಲು ಇಂಜಿನ್ ಹೊರಗೆ ತೆಗೆಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಉರಿದು, ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಕ್ಯಾಮ್ ಟೈಮಿಂಗ್ ತಪ್ಪಿದೆ ಅಂತ ಬಂದರೆ ಅದೇ ಸೂಚನೆ. 2009ರ ನಂತರದ ಝಡ್4 ಪೈಕಿ 35ಐ ಅನ್ನುವುದರಲ್ಲಿ ಎರಡು ಟರ್ಬೊ, 306 ಅಶ್ವಶಕ್ತಿ. ಓಡಿಸಲು ಅದ್ಭುತ. ಆದರೆ ಅದರ ಹೈ ಪ್ರೆಶರ್ ಫ್ಯುಯೆಲ್ ಪಂಪು, ಇಂಜೆಕ್ಟರು, ಟರ್ಬೊದ ಗಲಗಲ ಶಬ್ದ, ಇವೆಲ್ಲ ಜಗತ್ತಿನ ಎಲ್ಲ ಕಡೆ ಹೆಸರಾದ ತೊಂದರೆಗಳು. ಕೂಲೆಂಟ್ ಪಂಪು ವಿದ್ಯುತ್ತಿನದ್ದು, ಕೈ ಕೊಡುವ ಮೊದಲು ಹೇಳಿ ಹೋಗುವುದಿಲ್ಲ. ಆರಿಸು ಅಂತ ನನಗೆ ಹೇಳಿದರೆ ಟರ್ಬೊ ಇಲ್ಲದ ಆರು ಸಿಲಿಂಡರಿನ ಹಳೇ ಝಡ್4, ಇಲ್ಲವೇ ಪೂರ್ತಿ ಸರ್ವಿಸ್ ದಾಖಲೆ ಇರುವ 2009ರ ನಂತರದ ಬಾಕ್ಸ್‌ಸ್ಟರ್ ಆರಿಸುತ್ತೇನೆ. ಬಾಕ್ಸ್‌ಸ್ಟರ್ ರೇಟು ಜಾಸ್ತಿ ಇದ್ದರೂ ಸರಿ.

ಇನ್ನು ಟಾಪಿನ ವಿಷಯ. ಇದನ್ನು ತುಂಬಾ ಜನ ಸುಮ್ನೆ ಒಂದು ಸಲ ತೆಗೆದು ಮುಚ್ಚಿ ನೋಡಿ ಬಿಡುತ್ತಾರೆ. ಅಷ್ಟು ಸಾಲದು. ತೆಗೆಯುವ ಟಾಪಿನ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ, ಟಾಪು ಮಡಿಸಿಕೊಳ್ಳುವ ಜಾಗದ ಎರಡು ಮೂಲೆಯಲ್ಲಿರುವ ಸಣ್ಣ ತೂತುಗಳಿಂದ ಕೊಳವೆಯ ಮೂಲಕ ಕೆಳಗೆ ಹೋಗಬೇಕು. ಮೈಸೂರಿನಲ್ಲಿ ಕಾರು ನಿಲ್ಲಿಸುವ ನೆರಳು ಅಂದರೆ ಮಳೆಮರ, ಗುಲ್‌ಮೊಹರ್, ಹೊಂಗೆ. ಗುಲ್‌ಮೊಹರಿನ ಎಲೆ ಅಕ್ಕಿ ಕಾಳಿನಷ್ಟು ಸಣ್ಣದು, ನೇರವಾಗಿ ಆ ತೂತಿಗೆ ಇಳಿದು ಕೊಳೆತು ಗಟ್ಟಿಯಾಗುತ್ತದೆ. ಆಮೇಲೆ ನೀರು ಒಳಗೆ ನಿಲ್ಲುತ್ತದೆ. 2002ರಿಂದ 2008ರ ಝಡ್4ರಲ್ಲಿ ಟಾಪು ಎತ್ತುವ ಹೈಡ್ರಾಲಿಕ್ ಮೋಟಾರು ಕೂತಿರುವುದೇ ಈ ನೀರು ನಿಲ್ಲುವ ಗುಂಡಿಯಲ್ಲಿ. ಮುಳುಗಿದರೆ ಸುಟ್ಟುಹೋಗುತ್ತದೆ. ಹಳೇ ಬಾಕ್ಸ್‌ಸ್ಟರಿನಲ್ಲಿ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೀಟಿನ ಕೆಳಗೆ ನೆಲದ ಮೇಲಿದೆ. ಅಲ್ಲಿಗೆ ನೀರು ಬಂದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಆದ್ದರಿಂದ ಸೀಟನ್ನು ಪೂರ್ತಿ ಮುಂದೆ ತಳ್ಳಿ, ಹಿಂದಿನ ಕಾರ್ಪೆಟ್ ಕೆಳಗೆ ಕೈ ಹಾಕಿ ಒತ್ತಿ ನೋಡಿ. ತೇವ ತಗುಲಿದರೆ, ಮುಗ್ಗಲು ವಾಸನೆ ಬಂದರೆ ರೇಟಿನ ಮಾತೇ ಬೇಡ, ಮೊದಲು ಕಾರಣ ಗೊತ್ತಾಗಲಿ. ಒಂದು ಬಾಟಲಿ ನೀರನ್ನು ಆ ಮೂಲೆಗೆ ನಿಧಾನವಾಗಿ ಸುರಿಯಿರಿ. ಕಾರಿನ ಕೆಳಗೆ, ಹಿಂದಿನ ಚಕ್ರದ ಮುಂದೆ ನೀರು ಬಿದ್ದರೆ ದಾರಿ ಸರಿ ಇದೆ.

ಲೋಹದ ಮಡಿಸುವ ಟಾಪಿದ್ದರೆ, ಎಸ್‌ಎಲ್‌ಕೆ ಅಥವಾ 2009ರ ನಂತರದ ಝಡ್4, ಅದನ್ನು ಒಂದು ಸಲ ಅಲ್ಲ, ಮೂರು ನಾಲ್ಕು ಸಲ ತೆಗೆಸಿ ಮುಚ್ಚಿಸಿ. ಮೊದಲ ಸಲ ಸರಾಗವಾಗಿ ಹೋಗಿ, ಮೂರನೇ ಸಲ ಅರ್ಧದಲ್ಲಿ ನಿಲ್ಲುವುದೂ ಉಂಟು. ಡಿಕ್ಕಿಯ ಒಳಗೋಡೆಯಲ್ಲಿ ಎಣ್ಣೆಯ ಜಿಡ್ಡು ಇದೆಯಾ ನೋಡಿ, ಹೈಡ್ರಾಲಿಕ್ ಸೋರಿಕೆ ಅಲ್ಲೇ ಕಾಣುವುದು.

ಕಾರಿನ ಹೊಟ್ಟೆ ನೋಡದೆ ಮುಂಗಡ ಕೊಡಬೇಡಿ. ನಮ್ಮ ಕಡೆ ಇದು ಇನ್ನೂ ಮುಖ್ಯ. ಮದ್ದೂರಿನಿಂದ ಮಳವಳ್ಳಿ ಕಡೆಗೋ, ಪಾಂಡವಪುರದಿಂದ ಮೇಲುಕೋಟೆ ಕಡೆಗೋ ಹೊರಟರೆ ಊರು ಬಂದಲ್ಲೆಲ್ಲ ಹಂಪು. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ರಸ್ತೆಯಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಜಲ್ಲೆಗಳು. ಎತ್ತರದ ಕಾರಿನವರಿಗೆ ಅದು ಲೆಕ್ಕಕ್ಕಿಲ್ಲ, ಇಂಥ ಕಾರಿನ ಹೊಟ್ಟೆಗೆ ಅದು ನೇರ ಹೊಡೆತ. ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಇದೆಯಾ, ಆಯಿಲ್ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ತಗ್ಗಿದೆಯಾ, ಸೈಲೆನ್ಸರ್ ಕೊಳವೆ ಉಜ್ಜಿದೆಯಾ ನೋಡಿ. ಒಂದೆರಡು ಗೀರು ಸಹಜ. ಹೊದಿಕೆಯೇ ಇಲ್ಲ ಅಂದರೆ ಅದು ಯಾವುದೋ ಹಂಪಿನ ಮೇಲೆ ಉಳಿದುಹೋಗಿದೆ, ಜೊತೆಗೆ ಇನ್ನೇನು ಪೆಟ್ಟು ತಿಂದಿದೆಯೋ ಹುಡುಕಬೇಕು. ನೀವು ಓಡಿಸುವಾಗಲೂ ಹಂಪನ್ನು ನೇರವಾಗಿ ಹತ್ತಿಸಬೇಡಿ. ಓರೆಯಾಗಿ, ಒಂದೊಂದೇ ಚಕ್ರ ದಾಟಿಸಿ.

ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದರೆ ಖುಷಿ ಪಡುವ ಮೊದಲು ಯೋಚಿಸಿ. ಈ ಜಾತಿಯ ಕಾರುಗಳು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಇಲಿಗಳು ವೈರು ಕಡಿಯುತ್ತವೆ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ 50 ಸಾವಿರ ಓಡಿಸಿದ ಕಾರು, ನಾಲ್ಕು ವರ್ಷ ಗ್ಯಾರೇಜಿನಲ್ಲಿ ಮಲಗಿ 15 ಸಾವಿರ ಓಡಿದ ಕಾರಿಗಿಂತ ಎಷ್ಟೋ ಮೇಲು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2317 ಅಂತ ಇದ್ದರೆ 2017ರ 23ನೇ ವಾರದಲ್ಲಿ ಆದ ಟೈರು. ಬಟನ್ ಹೊಸದರಂತೆ ಕಂಡರೂ ರಬ್ಬರ್ ಕಲ್ಲಾಗಿರುತ್ತದೆ. ಅದನ್ನು ಹಾಕಿಕೊಂಡು ಬೆಂಗಳೂರು ಹೈವೇಗೆ ಇಳಿಯಬೇಡಿ. ಈ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ ಇರುವುದು ಮಾಮೂಲು, ಸ್ಟೆಪ್ನಿ ಇಲ್ಲದಿರುವುದೂ ಮಾಮೂಲು. ನಾಲ್ಕು ಟೈರಿನ ಖರ್ಚನ್ನು ರೇಟಿನಲ್ಲೇ ಕಳೆಯಿಸಿ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ (ಬಾಕ್ಸ್‌ಸ್ಟರಿನಲ್ಲಿ ಇಂಜಿನ್ ಸೀಟಿನ ಹಿಂದೆ, ಅಲ್ಲಿ ಸೈಲೆನ್ಸರ್ ಮುಟ್ಟಿ). ಬಿಸಿ ಇದ್ದರೆ ಯಾರೋ ಮೊದಲೇ ಎಬ್ಬಿಸಿದ್ದಾರೆ ಅಂತ ಅರ್ಥ. ಚೈನಿನ ಕಿರಿಕಿರಿ, ನೀಲಿ ಹೊಗೆ ಇವೆಲ್ಲ ತಣ್ಣಗಿರುವಾಗ ಮೊದಲ ಒಂದು ನಿಮಿಷದಲ್ಲೇ ಗೊತ್ತಾಗುವುದು. ಸ್ಕ್ಯಾನರ್ ಹಾಕಿಸಿದಾಗ "ಏನೂ ಎರರ್ ಇಲ್ಲ" ಅಂತ ಬಂದರೆ ಅಲ್ಲಿಗೇ ನಿಲ್ಲಿಸಬೇಡಿ, ರೆಡಿನೆಸ್ ಅನ್ನುವ ಪುಟ ತೆಗೆಸಿ. ಕಾರಿನ ಕಂಪ್ಯೂಟರು ತನ್ನ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಅದು ತೋರಿಸುತ್ತದೆ. ಎಲ್ಲವೂ "ಇನ್ನೂ ಆಗಿಲ್ಲ" ಅಂತಿದ್ದರೆ ನಿನ್ನೆಯೋ ಮೊನ್ನೆಯೋ ಎರರ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಕೆಸರಿನ ಗೆರೆ ಇದ್ದರೆ ಅದು ಪ್ರವಾಹದ ನೀರಿನಲ್ಲಿ ಮುಳುಗಿದ ಕಾರು.

ಓಡಿಸಿ ನೋಡಲು ಮೈಸೂರಿನವರಿಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೇ ಜಾಗ ಬೇಡ. ಆಷಾಢದ ಶುಕ್ರವಾರ ಖಾಸಗಿ ವಾಹನ ಬಿಡುವುದಿಲ್ಲ, ಮಿಕ್ಕ ದಿನ ಬೆಳಿಗ್ಗೆ ಬೇಗ ಹೋಗಿ. ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಮೇಲೆ ನಿಲ್ಲಿಸಿ ಎಸಿ ಹಾಕಿ ಇಂಜಿನ್ ಹಾಗೇ ಬಿಡಿ. ಫ್ಯಾನ್ ತಿರುಗಬೇಕು, ಮುಳ್ಳು ಏರಬಾರದು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದೆಯಾ ಗಮನಿಸಿ. ಆಮೇಲೆ ಬೆಂಗಳೂರು ಹೈವೇಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಸ್ವಲ್ಪ ದೂರ ಓಡಿಸಿ. 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುತ್ತಿಲ್ಲ, ಹಾಗಾಗಿ ಒಂದೇ ವೇಗದಲ್ಲಿ ಹೋಗಿ ಶಬ್ದ ಕೇಳಲು ಅನುಕೂಲ. ಮಿತಿ 100, ಕ್ಯಾಮೆರಾ ಇದೆ. ಇಂಥ ಕಾರಿನ ದೋಷ 80ರಲ್ಲೇ ಕೇಳಿಸುತ್ತದೆ, ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಪೆಟ್ರೋಲಿನ ವಿಷಯವೂ ಈಗ ಸೇರಿಕೊಂಡಿದೆ. ಬಂಕಿನಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತದ್ದು. ಹಳೇ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಅದು ಒಳ್ಳೆಯದಲ್ಲ. ಪೆಟ್ರೋಲ್ ಪೈಪುಗಳನ್ನು ಬದಲಿಸಿಕೊಳ್ಳುವುದು, ವಾರಕ್ಕೊಮ್ಮೆಯಾದರೂ ಓಡಿಸುವುದು ಇದಕ್ಕೆ ಮದ್ದು.

ಇನ್ನು ಕಾಗದ ಪತ್ರ. ದುಡ್ಡು ಕೈ ತಪ್ಪುವುದು ಜಾಸ್ತಿ ಇಲ್ಲೇ. ಕೆಎ-09, ಕೆಎ-55, ಕೆಎ-11 ನಂಬರಿನ ಕಾರಾಗಲಿ, ಬೆಂಗಳೂರಿನದಾಗಲಿ, ಕರ್ನಾಟಕದ್ದಾದರೆ ಲೈಫ್ ಟ್ಯಾಕ್ಸ್ ಕಟ್ಟಿಯೇ ಇರುತ್ತದೆ. ಫಾರಂ 29, 30ಕ್ಕೆ ಸಹಿ ಮಾಡಿಸಿ ಹೆಸರು ಬದಲಿಸಿದರೆ ಮುಗಿಯಿತು. ಡೆಲ್ಲಿ ಸುತ್ತಮುತ್ತಲಿನ ಕಾರು ಅಗ್ಗ ಕಾಣುತ್ತದೆ, ಅದಕ್ಕೆ ಕಾರಣವಿದೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಹೇರಿದ್ದರಿಂದ ವಯಸ್ಸಾದ ಕಾರನ್ನು ಸಾಗಹಾಕುತ್ತಾ ಬಂದಿದ್ದಾರೆ. ಹೊರ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಈ ಟ್ಯಾಕ್ಸನ್ನು ನೀವು ಕೊಟ್ಟ ರೇಟಿನ ಮೇಲೆ ಹಾಕುವುದಿಲ್ಲ, ಕಾರಿನ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಿ ಹಾಕುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಶೇ. 18, ಅದರ ಮೇಲೆ ಸೆಸ್. ವಯಸ್ಸಿನ ರಿಯಾಯಿತಿ ಕಳೆದ ಮೇಲೂ ಈ ಮೊತ್ತ ಎಷ್ಟೋ ಸಲ ಕಾರಿನ ರೇಟಿನಲ್ಲಿ ಉಳಿಸಿದ್ದನ್ನು ನುಂಗಿಬಿಡುತ್ತದೆ. ಮುಂಗಡ ಕೊಡುವ ಮೊದಲೇ ಆರ್‌ಸಿ ಪ್ರತಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಎಷ್ಟಾಗುತ್ತದೆ ಅಂತ ಕೇಳಿ.

15 ವರ್ಷ ತುಂಬಿದ ಕಾರಿಗೆ ಆರ್‌ಸಿ ನವೀಕರಣ ಐದೈದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಸಾಮಾನ್ಯ ಕಾರಿಗೆ 5,000, ಆಮದಾದ ಕಾರಿಗೆ 40,000 ರೂಪಾಯಿ. ಕಾರಿಗೆ 20 ವರ್ಷ ದಾಟಿದರೆ ಇನ್ನೂ ಜಾಸ್ತಿ. ಈ ಜರ್ಮನ್ ಕಾರುಗಳು ಹೊರಗಿನಿಂದಲೇ ತಯಾರಾಗಿ ಬಂದವು ಅನ್ನುವುದು ನೆನಪಿರಲಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಎರಡೂ ಕೈಗೆ ಬರಬೇಕು. "ಸಾಲ ಯಾವಾಗಲೋ ತೀರಿದೆ" ಅನ್ನುವ ಮಾತು ಸಾಲದು. ಕಾರಿನ ಮೇಲೆ ಕೊರೆದ ಚಾಸಿ ನಂಬರನ್ನು ನೀವೇ ಬಗ್ಗಿ, ಒಂದೊಂದು ಅಕ್ಷರ ಓದಿ ಆರ್‌ಸಿ ಜೊತೆ ಹೋಲಿಸಿ.

ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನಾಗಿ ನಿಮಗೆ ಬರುತ್ತದೆ, ಆದರೆ ನಿಮ್ಮ ಕಾರಿಗೇ ಆದ ನಷ್ಟದ ಭಾಗ ಬರುವುದಿಲ್ಲ. ಹೆಸರು ಬದಲಾಗುವ ಮೊದಲು ಗೆಜ್ಜಲಗೆರೆ ಹತ್ತಿರ ಯಾರಾದರೂ ಹಿಂದಿನಿಂದ ಗುದ್ದಿದರೆ ನಿಮ್ಮ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದು ಅನುಮಾನ. ನೋ ಕ್ಲೇಮ್ ಬೋನಸ್ ಹಳೇ ಮಾಲೀಕನದು, ನಿಮ್ಮದಲ್ಲ, ಪ್ರೀಮಿಯಂ ಲೆಕ್ಕ ಹಾಕುವಾಗ ಅದನ್ನು ಬಿಟ್ಟು ಹಾಕಿ. ಹಳೇ ಪಾಲಿಸಿಯಲ್ಲಿ ಎಷ್ಟು ಕ್ಲೇಮ್ ಆಗಿದೆ ಅಂತ ಕೇಳಲು ಇದೇ ಒಳ್ಳೇ ಸಮಯ. ದೊಡ್ಡ ಕ್ಲೇಮ್ ಕಂಡರೆ ಆ ಭಾಗದ ಟಿಂಕರಿಂಗ್ ಕೆಲಸವನ್ನು ಮತ್ತೊಮ್ಮೆ ನೋಡಿಸಿ.

ಇಷ್ಟೆಲ್ಲ ಆಗಿ ಕಾರು ನಿಮ್ಮದಾದರೆ, ಬೆಂಗಳೂರಿನಿಂದ ಓಡಿಸಿಕೊಂಡು ಬರುವ ಆತುರ ಬೇಡ. ಫ್ಲಾಟ್‌ಬೆಡ್ ಲಾರಿಯಲ್ಲಿ ತರಿಸಿ, ಕೊಕ್ಕೆ ಹಾಕಿ ಎಳೆಯುವ ಟೋಯಿಂಗ್ ಈ ಕಾರುಗಳ ಮುಂದಿನ ಬಂಪರನ್ನು ಕಿತ್ತುಹಾಕುತ್ತದೆ. ಬಂದ ಮೊದಲ ವಾರ ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟು, ಫಿಲ್ಟರುಗಳನ್ನು ಹಳೇ ಮಾಲೀಕ ಏನೇ ಹೇಳಿದ್ದರೂ ಬದಲಿಸಿ, ಬದಲಿಸಿದ ದಿನ, ಕಿಲೋಮೀಟರ್ ಬರೆದಿಡಿ. ಕಂಪನಿ ಸರ್ವಿಸ್ ಎಲ್ಲ ಬ್ರ್ಯಾಂಡಿಗೂ ಮೈಸೂರಿನಲ್ಲಿ ಸಿಗುವುದಿಲ್ಲ, ಕೆಲವು ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾಗಬಹುದು. ಟಾಪಿನ ತೂತುಗಳನ್ನು ಮಾತ್ರ ನೀವೇ, ಮುಂಗಾರು ಶುರುವಾಗುವ ಮುನ್ನ ಮೇ ತಿಂಗಳಲ್ಲೇ, ಮೆತ್ತನೆಯ ಪ್ಲಾಸ್ಟಿಕ್ ತಂತಿ ಇಳಿಸಿ ಬಿಡಿಸಿಕೊಳ್ಳಿ. ಗಟ್ಟಿ ಕಬ್ಬಿಣದ ಕಡ್ಡಿ ಹಾಕಿದರೆ ಕೊಳವೆ ತೂತಾಗಿ ನೀರು ನೇರವಾಗಿ ಕಾರ್ಪೆಟ್ಟಿಗೆ ಹೋಗುತ್ತದೆ.